ಬಾಲಗಾನಪೇಟಿಕಾ ಲಕ್ಷಣ

ಅಣ್ಣಿಗೇರಿ, ನವಲಗುಂದದ ಕಡೆ ಲಕ್ಷಣ ನೋಡದೆ ಯಾವುದನ್ನೂ ಮನೆಯೊಳಗೆ ಬಿಟ್ಟುಕೊಳ್ಳುವ ರೂಢಿಯಿಲ್ಲ. ಎತ್ತಿಗೆ ಸುಳಿ ನೋಡುತ್ತಾರೆ, ಎಮ್ಮೆಗೆ ಕೆಚ್ಚಲು ನೋಡುತ್ತಾರೆ, ಬ್ಯಾಡಗಿ ಮೆಣಸಿನಕಾಯಿಗೆ ಸುಕ್ಕು ನೋಡುತ್ತಾರೆ, ಅಳಿಯನಿಗೆ ಹೊಲದ ಉತಾರ ನೋಡುತ್ತಾರೆ. ಮೂರು ವರ್ಷದ ಕೂಸಿಗೆ ಹಾಡಿನ ಡಬ್ಬಿ ತರುವಾಗ ಮಾತ್ರ ಮೊಬೈಲ್ ಅಂಗಡಿಯ ಮುಂದೆ ಬೈಕಿನಿಂದ ಇಳಿಯದೆಯೇ, "ತಮ್ಮಾ, ಯಾವದರ ಒಂದ ಕೊಡಪಾ, ಅಳೂದ ಬಿಟ್ರ ಸಾಕು" ಎಂದುಬಿಡುತ್ತಾರೆ. ಆದಿಕವಿ ಪಂಪನ ಊರಿನ ಆಸುಪಾಸಿನಲ್ಲಿ ಇಂಥ ಅಶಾಸ್ತ್ರೀಯ ವ್ಯವಹಾರ ನಡೆಯುವುದನ್ನು ಕಂಡು ಈ ಗ್ರಂಥಕ್ಕೆ ಕೈ ಹಾಕಬೇಕಾಯಿತು.

ಶಾಸ್ತ್ರವೆಂದ ಮೇಲೆ ಅನುಬಂಧ ನಾಲ್ಕನ್ನು ಮೊದಲೇ ಹೇಳಬೇಕು. ಅಧಿಕಾರಿ ಯಾರೆಂದರೆ, ಎರಡರಿಂದ ಆರು ವರ್ಷದ ಮಗು ಮನೆಯಲ್ಲಿದ್ದು, ಸಾವಿರ ರೂಪಾಯಿ ಮೀರಲು ಮನಸ್ಸಿಲ್ಲದವನು. ವಿಷಯ, ಕೈಯಲ್ಲಿ ಹಿಡಿದು ತಿರುಗಬಹುದಾದ ಹಾಡಿನ ಡಬ್ಬಿ. ಪ್ರಯೋಜನ, ಮಗುವಿಗೆ ಹಾಡು. ಸಂಬಂಧ, ಅಪ್ಪನಿಗೂ ಅವನ ಮೊಬೈಲಿಗೂ ಕಡಿದುಹೋದದ್ದು ಮತ್ತೆ ಕೂಡುವುದು.

ಜಾತಿನಿರ್ಣಯ

ಭರತಮುನಿ ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕು ಮಾಡಿದ. ನಮ್ಮ ಡಬ್ಬಿ ಯಾವುದಕ್ಕೆ ಸೇರಬೇಕು? ಒಳಗೆ ತಂತಿಯಿದೆ, ಆದ್ದರಿಂದ ತತ ಎಂದು ಒಂದು ಪಕ್ಷ. ಜಾಳಿಗೆಯ ಹಿಂದೆ ಕಾಗದದ ಪೊರೆ ಕಂಪಿಸುತ್ತದೆ, ಆದ್ದರಿಂದ ಅವನದ್ಧ ಎಂದು ಇನ್ನೊಂದು. ಹಿಂಬದಿಗೆ ಗಾಳಿ ಆಡುವ ತೂತಿದೆ, ಸುಷಿರವೇ ಸೈ ಎಂದು ಮತ್ತೊಂದು. ಈ ಮೂವರೂ ಡಬ್ಬಿಯನ್ನು ಕಪಾಟಿನ ಮೇಲಿಟ್ಟು ನೋಡಿದವರು. ಮಗುವಿನ ಕೈಗೆ ಬಂದ ಗಳಿಗೆಯಿಂದ ಅದನ್ನು ನೆಲಕ್ಕೆ ಕುಟ್ಟಿ ನಾದ ತೆಗೆಯಲಾಗುತ್ತದೆ. ಕುಟ್ಟಿ ನುಡಿಸುವುದು ಘನವಾದ್ಯ. ಆದ್ದರಿಂದ ದುಂಡು ಮೂಲೆ, ರಬ್ಬರಿನ ಹೊರಮೈ, ಸ್ಕ್ರೂ ಬಿಗಿದ ಬ್ಯಾಟರಿ ಮುಚ್ಚಳ, ಈ ಮೂರೂ ಇಲ್ಲದ್ದನ್ನು ಎತ್ತಿಕೊಂಡೇ ನೋಡಬೇಡಿ.

ಭೇದಪ್ರಕರಣ

ಹಿರಿಯದರಿಂದ ಹಿಡಿಯೋಣ. ಆಕಾಶವಾಣಿ ಧಾರವಾಡ 1950ರ ಜನವರಿ 8ರಂದು ಶುರುವಾಯಿತು. ಇಂದಿಗೂ 765 ಕಿಲೋಹರ್ಟ್ಸ್‌ನಲ್ಲಿ ಎರೆಹೊಲದ ನಡುವೆ ಕೂತವರಿಗೂ ಸಿಗುತ್ತದೆ. ರೇಡಿಯೋ ಅಗ್ಗ, ಗಟ್ಟಿ, ಸಂಸ್ಕಾರವಂತ. ಆದರೆ ಅದಕ್ಕೆ ಒಂದೇ ದೋಷ, ಅದೂ ಮಕ್ಕಳ ವಿಷಯದಲ್ಲಿ ಮಹಾದೋಷ: "ಮತ್ತೊಮ್ಮೆ ಹಚ್ಚಬೇ ಯವ್ವಾ" ಎಂದರೆ ಕೇಳುವುದಿಲ್ಲ. ಹೀಗಾಗಿ ಅದು ಅಜ್ಜನ ಪಾಲಿಗೇ ಉಳಿಯಿತು.

ಅಜ್ಜನ ಪಾಲಿಗೆ ಬಂದ ಇನ್ನೊಂದು ಕಾರವಾನ್ ಜಾತಿ. ಸಾರೆಗಾಮಾ ಕಂಪನಿ 2017ರಲ್ಲಿ 5000 ಹಳೆಯ ಹಾಡು ತುಂಬಿ, ನೋಡಲು ಹಳೆ ರೇಡಿಯೋದಂತೆ ಮಾಡಿ ಬಿಟ್ಟಿತು. ಆಮೇಲೆ ಕನ್ನಡದ್ದೂ, ಮಕ್ಕಳದ್ದೂ ಬಂದವು. ಅದರ ತಿರುಗಣಿ ಮಗುವಿನ ಬೆರಳಿಗೆ ಬಹಳ ರುಚಿ. ಬೆಲೆ ನಮ್ಮ ಅಧಿಕಾರಿಗೆ ರುಚಿಸುವುದಿಲ್ಲ.

ಜಾತ್ರೆಯ ಆಟಿಗೆ ಮೊಬೈಲು ಬೇರೆ ಭೇದ. ಬೆಕ್ಕಿನ ಮುಖ, ಹತ್ತೆಂಟು ಗುಂಡಿ, ಯಾವ ಗುಂಡಿ ಒತ್ತಿದರೂ ಅದೇ ಪೀಪಿ. 2021ರ ಜನವರಿಯಿಂದ ದೇಶದಲ್ಲಿ ಮಾರುವ ಆಟಿಗೆಗೆ ಐಎಸ್ಐ ಗುರುತು ಕಡ್ಡಾಯ. ಜಾತ್ರೆಯ ತಾಡಪತ್ರಿಯ ಮೇಲೆ ಹರಡಿದ ರಾಶಿಗೆ ಈ ಸುದ್ದಿ ಮುಟ್ಟಿದಂತಿಲ್ಲ. ಇಲ್ಲಿ ನಗೆ ಸಾಕು. ಇಂಥ ಆಟಿಗೆಯೊಳಗೆ ಗುಂಡಿಯಾಕಾರದ ಚಪ್ಪಟೆ ಸೆಲ್ ಇರುತ್ತದೆ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ತಾಸಿನೊಳಗೆ ಒಳಮೈ ಸುಡಲು ಶುರುವಾಗುತ್ತದೆ. ನುಂಗಿದ ಅನುಮಾನ ಬಂದರೂ ಬಾಳೆಹಣ್ಣು ತಿನ್ನಿಸಿ ಕಾಯುತ್ತ ಕೂರಬಾರದು, ನೇರ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೋಗಬೇಕು. ಸ್ಕ್ರೂ ಇಲ್ಲದ ಮುಚ್ಚಳದ ಆಟಿಗೆ ಪುಕ್ಕಟೆ ಕೊಟ್ಟರೂ ಬೇಡ.

ಟ್ರ್ಯಾಕ್ಟರಿಗೆ ಕಟ್ಟಿದ ಸೌಂಡ್ ಬಾಕ್ಸನ್ನು ಕೆಲವರು ಈ ವರ್ಗದಲ್ಲೇ ಎಣಿಸುತ್ತಾರೆ, ಏಕೆಂದರೆ ಅದೂ ಸಂಚಾರಿ, ಅದನ್ನು ಕೇಳಿಯೂ ಮಕ್ಕಳು ಕುಣಿಯುತ್ತವೆ. ಕೈಯಲ್ಲಿ ಹಿಡಿಯಲು ಬಾರದ್ದರಿಂದ ಕೈಬಿಟ್ಟಿದ್ದೇವೆ.

ಜರ್ಮನಿಯಲ್ಲಿ 2016ರಿಂದ ಟೋನಿಬಾಕ್ಸ್ ಎಂಬ ಮೆತ್ತನೆಯ ಡಬ್ಬಿ ನಡೆಯುತ್ತಿದೆ. ಮೇಲೊಂದು ಗೊಂಬೆ ಇಟ್ಟರೆ ಅದರ ಕಥೆ ಶುರು, ಎತ್ತಿದರೆ ಬಂದ್. ಡಬ್ಬಿಗೆ ಎರಡು ಕಿವಿ: ದೊಡ್ಡ ಕಿವಿ ಹಿಂಡಿದರೆ ಸಪ್ಪಳ ಏರುತ್ತದೆ, ಸಣ್ಣ ಕಿವಿ ಹಿಂಡಿದರೆ ಇಳಿಯುತ್ತದೆ. ನಮ್ಮ ಸಾಲಿಗಳಲ್ಲಿ ಹಿಂದೆ ಯಾವ ಕಿವಿ ಹಿಂಡಿದರೂ ಸಪ್ಪಳ ಏರುತ್ತಿತ್ತು. ಟೋನಿಬಾಕ್ಸಿನ ಬೆಲೆಯಲ್ಲಿ ನಮ್ಮೂರಲ್ಲಿ ಹೋತ ಬರುತ್ತದೆ. ಆದರೂ ಗೊಂಬೆಯೊಂದಕ್ಕೆ ಕಥೆಯೊಂದು, ಕಿವಿಯೊಂದಕ್ಕೆ ಕೆಲಸವೊಂದು ಎಂಬ ಅದರ ತತ್ತ್ವ ಉತ್ತಮವಾದದ್ದು, ಮುಂದೆ ಬೇಕಾಗುತ್ತದೆ.

ಉಳಿದದ್ದೇ ನಿಜವಾದ ವಿಷಯ: ಚಿಪ್ ಹಾಕುವ ಡಬ್ಬಿ. ಮುನ್ನೂರರಿಂದ ಏಳ್ನೂರು ರೂಪಾಯಿಯ ಒಳಗೆ ಎಲ್ಲ ತಾಲ್ಲೂಕಿನ ಬಸ್‌ಸ್ಟ್ಯಾಂಡಿನ ಎದುರಿಗೂ ತೂಗುತ್ತಿರುತ್ತದೆ. ಅಣ್ಣಿಗೇರಿಯಲ್ಲೂ ಕಲಘಟಗಿಯಲ್ಲೂ ಡಬ್ಬಿ ಅದೇ, ಮೇಲಿನ ಹೆಸರು ಮಾತ್ರ ಬೇರೆ. ಹೆಸರು ನಂಬಿ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಗುಂಡಿಪ್ರಕರಣ

ಈ ಶಾಸ್ತ್ರದ ತಿರುಳು ಇಲ್ಲಿದೆ. ಅಗ್ಗದ ಡಬ್ಬಿಯ ನೆತ್ತಿಯ ಮೇಲೆ ನಾಲ್ಕೈದು ಗುಂಡಿ ಇರುತ್ತವೆ. ಎಡಬಲದ ಎರಡು ಗುಂಡಿಗೆ ತಲಾ ಎರಡು ಕೆಲಸ: ಒಂದನ್ನು ಮುಟ್ಟಿ ಬಿಟ್ಟರೆ ಮುಂದಿನ ಹಾಡು, ಒತ್ತಿ ಹಿಡಿದರೆ ಸಪ್ಪಳ ಏರುತ್ತದೆ; ಇನ್ನೊಂದರದ್ದು ಇದಕ್ಕೆ ತದ್ವಿರುದ್ಧ. ದೊಡ್ಡವರಿಗೆ ಇದು ತಿಳಿಯುತ್ತದೆ. ಮೂರು ವರ್ಷದ ಮಗುವಿಗೆ ಮುಟ್ಟಿ ಬಿಡುವ ವಿದ್ಯೆ ಇನ್ನೂ ಬಂದಿರುವುದಿಲ್ಲ; ಅದು ಹಿಡಿದದ್ದನ್ನು ಹಿಡಿದೇ ಇರುತ್ತದೆ. ಮುಂದಿನ ಹಾಡು ಬೇಕೆಂದು ಒತ್ತುತ್ತದೆ, ಇದ್ದ ಹಾಡೇ ಗಂಟಲು ಹರಿದುಕೊಳ್ಳುತ್ತದೆ. ಬೆಚ್ಚಿದ ಮಗು ಇನ್ನೂ ಬಿಗಿಯಾಗಿ ಒತ್ತುತ್ತದೆ. ಪಡಸಾಲೆಯಲ್ಲಿ ಮಲಗಿದ್ದ ಆಯಿ ಎದ್ದು ಕೂರುತ್ತಾಳೆ. ದ್ವಿಕಾರ್ಯದೋಷವೆಂದು ಇದರ ಹೆಸರು. ಇದಿದ್ದ ಡಬ್ಬಿ ತ್ಯಾಜ್ಯ. ಹಳೆ ಟ್ರಾನ್ಸಿಸ್ಟರಿನಂತೆ ಸಪ್ಪಳಕ್ಕೆ ಬೇರೆಯೇ ತಿರುಗಣಿ ಇರುವ ಡಬ್ಬಿ ಈಗಲೂ ಸಿಗುತ್ತದೆ. ಹುಡುಕಿದರೆ ಅಂಗಡಿಯವನ ಮೇಲಿನ ಅರೆಯಲ್ಲಿ, ದೀಪ ಮಿಣುಕುವ ಡಬ್ಬಿಗಳ ಹಿಂದೆ, ಧೂಳು ಹಿಡಿದು ಕೂತಿರುತ್ತದೆ.

ಎರಡನೆಯದು ವಿಸ್ಮೃತಿದೋಷ. ಬಂದ್ ಮಾಡಿ ಮತ್ತೆ ಹಚ್ಚಿದರೆ ಕೆಲವು ಡಬ್ಬಿ ನಿಲ್ಲಿಸಿದ ಹಾಡಿನಿಂದ ಶುರುಮಾಡುತ್ತವೆ. ಕೆಲವು ಮತ್ತೆ ಮೊದಲ ಹಾಡಿಗೇ ಹೋಗುತ್ತವೆ. ಈ ಎರಡನೆಯ ಜಾತಿ ಇದ್ದ ಮನೆಯಲ್ಲಿ ಚಿಪ್ಪಿನೊಳಗೆ ಮುನ್ನೂರು ಹಾಡಿದ್ದರೂ ವರ್ಷಪೂರ್ತಿ ಮೊದಲಿನ ಮೂರೇ ಕೇಳಿಸುತ್ತವೆ.

ಮೂರನೆಯದು ವಾಚಾಳತೆ. ಹಚ್ಚಿದ ಕೂಡಲೇ ಚೀನೀ ರಾಗದ ಹೆಣ್ಣುದನಿಯೊಂದು "ದಿ ಬ್ಲೂಟೂತ್ ಡಿವೈಸ್ ಈಸ್ ರೆಡಿ ಟು ಪೇರ್" ಎಂದು ಕೂಗುತ್ತದೆ. ಇದರ ಸಪ್ಪಳ ತಗ್ಗಿಸಲು ಯಾವ ಗುಂಡಿಯೂ ಇಲ್ಲ. ನಮ್ಮ ಸೀಮೆಯ ಅನೇಕ ಮಕ್ಕಳು ತಪ್ಪಿಲ್ಲದೆ ಆಡಿದ ಮೊದಲ ಇಂಗ್ಲಿಷ್ ವಾಕ್ಯ ಇದೇ. ಕಾನ್ವೆಂಟಿಗೆ ಹಾಕುವ ವಿಚಾರವಿದ್ದವರು ಇದನ್ನು ಗುಣವೆಂದೂ ಎಣಿಸಬಹುದು.

ನಾದಪ್ರಕರಣ

"ಭಾಳ ಛಲೋ ಐತ್ರಿ, ಓಣಿ ತುಂಬ ಕೇಳತೈತಿ" ಎಂದು ಅಂಗಡಿಯವ ಹೊಗಳುವ ಗುಣವೇ ದೋಷ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮಕ್ಕಳ ಕಿವಿ ವಾರಕ್ಕೆ 40 ತಾಸು ತಡೆಯಬಲ್ಲದ್ದು 75 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದಂತೆ ಈ ಅವಧಿ ಅರ್ಧವಾಗುತ್ತ ಬರುತ್ತದೆ. 85ಕ್ಕೆ ಮುಟ್ಟುವಾಗ ಉಳಿಯುವುದು ವಾರಕ್ಕೆ ಸುಮಾರು ನಾಲ್ಕು ತಾಸು. ಮಕ್ಕಳಾದರೋ ಡಬ್ಬಿಯನ್ನು ಕಿವಿಗೇ ಹಚ್ಚಿಕೊಂಡು ಕೇಳುತ್ತವೆ. ಜಾಳಿಗೆಯ ಮೇಲೆ ಒಂದೆರಡು ಪದರ ಅಂಟುಪಟ್ಟಿ ಹಚ್ಚಿದರೆ ಸಪ್ಪಳ ಇಳಿಯುತ್ತದೆ, ಹಾಡು ಕೆಡುವುದಿಲ್ಲ. ಕಿವಿಯೊಳಗೆ ಸಿಕ್ಕಿಸುವ ವಯರು ಈ ವಯಸ್ಸಿಗೆ ಬೇಡವೇ ಬೇಡ: ಕಿವಿಗೂ ಕೇಡು, ಕುತ್ತಿಗೆಗೂ ಕೇಡು.

ಪ್ರಾಣಪ್ರಕರಣ

ಡಬ್ಬಿಯ ಜೀವ ಬ್ಯಾಟರಿ. ಒಳಗೆ ಬೆಸುಗೆ ಹಾಕಿದ್ದು ಸತ್ತರೆ ಡಬ್ಬಿಯೂ ಸತ್ತಂತೆ. ತೆಗೆದು ಹಾಕಲು ಬರುವ ಬಿಎಲ್-5ಸಿ ಇದ್ದರೆ ಉತ್ತಮ. ಹಳೆಯ ನೋಕಿಯಾದ ಬ್ಯಾಟರಿ ಅದು; ನೋಕಿಯಾ ಹೋಯಿತು, ಬ್ಯಾಟರಿ ಮಾತ್ರ ದೇಶದ ಡಬ್ಬಿಗಳಲ್ಲೆಲ್ಲ ಪುನರ್ಜನ್ಮ ಎತ್ತುತ್ತ ಬಂದಿದೆ. ಹಾಗೆಂದು ಮೈಮರೆಯಬಾರದು. ಅತಿಯಾಗಿ ಬಿಸಿಯೇರುವ ದೋಷ ಕಂಡು 2007ರಲ್ಲಿ ನೋಕಿಯಾ 4.6 ಕೋಟಿ ಬಿಎಲ್-5ಸಿ ಬದಲಿಸಿಕೊಡುತ್ತೇನೆಂದು ಸಾರಬೇಕಾಯಿತು. ಅದು ಅಸಲಿಯ ಕಥೆ, ನಕಲಿಯ ಕಥೆ ಸಾರುವವರಾರು? ಹೊಟ್ಟೆ ಉಬ್ಬಿದ ಬ್ಯಾಟರಿ ಕಂಡರೆ ತೆಗೆದಿಡಿ, ಚಾರ್ಜಿಗೆ ಹಚ್ಚಿದಾಗ ಡಬ್ಬಿ ಮಗುವಿನ ಹಾಸಿಗೆಯಲ್ಲಿರಬಾರದು. ಚಾರ್ಜಿನ ಪಿನ್ನು ಮನೆಯ ಮೊಬೈಲಿನದೇ ಆಗಿರಲಿ.

ಚಿಪ್ಪು

ಒಂದು ನಿಮಿಷದ ಹಾಡಿಗೆ ಸಾಧಾರಣ ಎಂಪಿ3ಯಲ್ಲಿ ಒಂದು ಎಂಬಿ ಹಿಡಿಯುತ್ತದೆ. 4 ಜಿಬಿ ಚಿಪ್ಪಿನಲ್ಲಿ ಸಾವಿರ ಹಾಡು ಕೂರುತ್ತವೆ. ಅಂಗಡಿಯವ 64 ಜಿಬಿ ಹಾಕಲು ಹೇಳುತ್ತಾನೆ. ಅಗ್ಗದ ಡಬ್ಬಿಗಳಲ್ಲಿ ಬಹಳಷ್ಟು 32ರ ಮೇಲಿನದ್ದನ್ನು ಓದುವುದೇ ಇಲ್ಲ. ಹಾಡುಗಳು ಅಕಾರಾದಿಯಾಗಿ ಬರುತ್ತವೆ ಎಂದುಕೊಂಡವರೂ ಮೋಸಹೋಗುತ್ತಾರೆ. ಎಷ್ಟೋ ಡಬ್ಬಿಗಳು ಚಿಪ್ಪಿಗೆ ಹಾಕಿದ ಕ್ರಮದಲ್ಲೇ ಹಾಡುತ್ತವೆ. ಆದ್ದರಿಂದ ಬೆಳಗಿನದ್ದು ಮೊದಲು, ಮಲಗುವ ಹೊತ್ತಿನದ್ದು ಕೊನೆಗೆ, ಒಂದೊಂದಾಗಿ ಹಾಕಿಸಬೇಕು.

ಯಾರ ಕೈಯಲ್ಲಿ ಹಾಕಿಸಬೇಕು? "ಹುಡುಗ್ರ ಹಾಡ ತುಂಬಿ ಕೊಡ್ತೀನ್ರಿ ಅಕ್ಕಾರ, ಐವತ್ತ ಕೊಡ್ರಿ" ಎಂದು ಅಂಗಡಿಯ ಹುಡುಗ ಕಂಪ್ಯೂಟರಿನಿಂದ ಒಂದು ಗಂಟು ಸುರಿಯುತ್ತಾನೆ. ಮೊದಲ ಹತ್ತು ಶಿಶುಗೀತೆ, ಹನ್ನೊಂದನೆಯದು ಡಿಜೆ ಜಾನಪದ, ಹನ್ನೆರಡರಲ್ಲಿ ಯಾವನೋ ಪ್ರೇಯಸಿಯ ಮೇಲೆ ಸಿಟ್ಟಾಗಿರುತ್ತಾನೆ. ಗಂಟು ತರಬೇಡಿ, ಎಣಿಸಿ ತನ್ನಿ. ಇಪ್ಪತ್ತು ಹಾಡು ಸಾಕು. ಇದಕ್ಕೆ ಪ್ರಮಾಣ ಈ ನೆಲದಲ್ಲೇ ಇದೆ. ಗದಗಿನಲ್ಲಿ ಶಾಲೆಯಿಂದ ಬರುವ ಹುಡುಗನೊಬ್ಬ ಅಂಗಡಿಯ ಮುಂದೆ ನಿಂತು ಗ್ರಾಮಫೋನ್ ಕೇಳುತ್ತಿದ್ದ. ಅಬ್ದುಲ್ ಕರೀಂ ಖಾನರ ತಟ್ಟೆ, ಒಂದು ಮಗ್ಗಲಿಗೆ ಮೂರು ನಿಮಿಷ ಚಿಲ್ಲರೆ. ಆ ಮೂರು ನಿಮಿಷವೇ ಹುಡುಗನ ತಲೆಯಲ್ಲಿ ಕೂತು, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಅವನು ಮನೆ ಬಿಟ್ಟು ಗುರುವನ್ನು ಹುಡುಕುತ್ತ ಹೋದ. ಉತ್ತರ ಹಿಂದೂಸ್ತಾನವೆಲ್ಲ ಅಲೆದು ಕೊನೆಗೆ ಅವನಿಗೆ ಗುರು ಸಿಕ್ಕಿದ್ದು ನಮ್ಮ ಕುಂದಗೋಳದಲ್ಲಿ: ಅದೇ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವ. ಹುಡುಗ ಭೀಮಸೇನ ಜೋಶಿ. ಅವನಿಗೆ ಚಿಪ್ಪಿನಲ್ಲಿ ಐದು ಸಾವಿರ ಹಾಡು ತುಂಬಿ ಕೊಟ್ಟಿದ್ದರೆ ಮನೆಯಲ್ಲೇ ಉಳಿಯುತ್ತಿದ್ದನೇನೋ. ಮಗು ಮನೆ ಬಿಡಬಾರದೆಂದು ಬಯಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಕುಂದಗೋಳದವರು ಇಲ್ಲೊಂದು ಆಕ್ಷೇಪ ಎತ್ತಬಹುದು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಅಲ್ಲಿಯ ನಾಡಿಗೇರ ವಾಡೆಯಲ್ಲಿ ಇಂದಿಗೂ ಸಂಗೀತೋತ್ಸವ ನಡೆಯುತ್ತದೆ. ಇಂಥ ಊರಿನ ಕೂಸಿಗೆ ಡಬ್ಬಿಯ ಹಾಡೇಕೆ ಎಂದು. ಸರಿ. ಆದರೆ ವಾಡೆ ವರ್ಷಕ್ಕೊಮ್ಮೆ ಹಾಡುತ್ತದೆ, ಕೂಸು ದಿನಾ ಅಳುತ್ತದೆ.

ಕಲಘಟಗಿಯವರ ಆಕ್ಷೇಪ ಇದಕ್ಕಿಂತ ಗಟ್ಟಿ. ಅವರ ಊರಿನ ತೊಟ್ಟಿಲು ಹೆಸರಾದದ್ದು: ಅರಗಿನ ಬಣ್ಣ, ಮೈತುಂಬ ಕೃಷ್ಣನ ಕಥೆ, ಒಂದು ತೊಟ್ಟಿಲಿನಲ್ಲಿ ಅಜ್ಜ, ಅಪ್ಪ, ಮಗ ಮೂವರೂ ತೂಗಿಸಿಕೊಂಡ ಮನೆಗಳಿವೆ. ತೊಟ್ಟಿಲಿದ್ದಲ್ಲಿ ಜೋಗುಳ ಹಾಡುವ ಬಾಯಿಯೂ ಇರುತ್ತದೆ. ಹಾಗಿದ್ದರೆ ಆ ಬಾಯಿಯನ್ನೇ ಚಿಪ್ಪಿಗೆ ಹಾಕಿಸಿ. ಆಯಿಯನ್ನು ಫ್ಯಾನು ಬಂದ್ ಮಾಡಿದ ಕೋಣೆಯಲ್ಲಿ ಕೂರಿಸಿ, ಮೊಬೈಲಿನಲ್ಲಿ ಹಿಡಿಯಿರಿ. "ನಂದೇನ್ ಕೇಳ್ತೀರಿ, ದನಿ ಒಡದೈತಿ" ಎಂದು ಮೊದಲು ನಾಚುತ್ತಾಳೆ, ಆಮೇಲೆ ನಿಲ್ಲಿಸುವುದಿಲ್ಲ. ಒಂದು ತೊಡಕಿದೆ: ಮೊಬೈಲಿನ ರೆಕಾರ್ಡಿಂಗ್ ಬಹಳ ಸಲ ಎಂ4ಎ ಆಗಿ ಕೂತಿರುತ್ತದೆ, ಡಬ್ಬಿ ಅದನ್ನು ಗುರುತಿಸದೆ ಜಿಗಿದು ಮುಂದೆ ಹೋಗುತ್ತದೆ. ಎಂಪಿ3 ಮಾಡಿಸಿಯೇ ಚಿಪ್ಪಿಗೆ ಹಾಕಿಸಬೇಕು. ಈ ಕೆಲಸಕ್ಕೆ ಅಂಗಡಿಯ ಹುಡುಗನಿಗೆ ಐವತ್ತು ಕೊಟ್ಟರೆ ನ್ಯಾಯ.

ಪರೀಕ್ಷೆ

"ಗ್ಯಾರಂಟಿ ಇಲ್ರಿ, ಚೆಕ್ ಮಾಡ್ಕೊಂಡ ಒಯ್ರಿ" ಎಂದು ಅಂಗಡಿಯವನೇ ಹೇಳುವುದರಿಂದ ಪರೀಕ್ಷೆ ಅಲ್ಲೇ ಆಗಬೇಕು. ಚಿಪ್ ಹಾಕಿ ಐದನೇ ಹಾಡಿಗೆ ಹೋಗಿ, ಬಂದ್ ಮಾಡಿ, ಮತ್ತೆ ಹಚ್ಚಿ. ಎಲ್ಲಿಂದ ಶುರುವಾಗುತ್ತದೆ ಕೇಳಿ. ಚಿಪ್ ಹಾಕುವ ಸಂದಿಗೆ ಮುಚ್ಚಳ ಇದೆಯೋ ನೋಡಿ, ಇಲ್ಲದಿದ್ದರೆ ಚಿಪ್ ಮಗುವಿನ ಬಾಯಿಗೆ ಹೋಗುತ್ತದೆ. ಸಪ್ಪಳ ಪೂರ್ತಿ ತಗ್ಗಿಸಿದರೆ ನಿಜಕ್ಕೂ ತಗ್ಗುತ್ತದೋ ನೋಡಿ. ಕಡೆಗೆ ಡಬ್ಬಿಯನ್ನು ಮಗುವಿನ ಕೈಗೆ ಕೊಟ್ಟು ಏನೂ ಹೇಳದೆ ನಿಲ್ಲಿ. ತಾನೇ ಹಚ್ಚಿ, ತಾನೇ ಬದಲಿಸಿ, ತಾನೇ ಬಂದ್ ಮಾಡಿದರೆ ಅದೇ ಉತ್ತಮ ಡಬ್ಬಿ. ಇಷ್ಟೆಲ್ಲ ಲಕ್ಷಣವಿರುವುದನ್ನು ಪಕ್ಕಕ್ಕೆ ತಳ್ಳಿ ಮಗು ದೀಪ ಮಿಣುಕುವ ಡಬ್ಬಿಯನ್ನೇ ಅಪ್ಪಿ ಹಿಡಿದರೆ ಅದಕ್ಕೆ ಶಾಸ್ತ್ರದಲ್ಲಿ ಪರಿಹಾರ ಹೇಳಿಲ್ಲ. ನೂರು ರೂಪಾಯಿ ಕಡಿಮೆ ಮಾಡಿಸಿಕೊಂಡು, ಒಂದು ಅಂಟುಪಟ್ಟಿಯ ಸುರುಳಿಯನ್ನೂ ಪುಕ್ಕಟೆ ಕೇಳಬೇಕು.