ಬೆಂಗಳೂರು ನನಗೆ ಗೊತ್ತು!

‘ಬೆಂಗಳೂರಾ? ಅದೇನು ನಾನು ನೋಡದ ಊರಾ!’ ಎಂದು ಹೆಂಡತಿ ಮಕ್ಕಳ ಮುಂದೆ ಒಮ್ಮೆಯಾದರೂ ಮೀಸೆ ತಿರುವಿದ ಗಂಡಸರು ದಯವಿಟ್ಟು ಈ ಲೇಖನವನ್ನು ಮನೆಯವರ ಕೈಗೆ ಸಿಗದಂತೆ ಬಚ್ಚಿಟ್ಟುಕೊಂಡು ಓದಿ. ನನ್ನ ಮಾನ ಹೇಗೂ ಹೋಗಿದೆ, ನಿಮ್ಮದಾದರೂ ಉಳಿಯಲಿ.

ನಾನು ಬೆಂಗಳೂರಿನಲ್ಲಿದ್ದದ್ದು ಬ್ರಹ್ಮಚಾರಿಯಾಗಿ, ಹನುಮಂತನಗರದ ಒಂದು ವಠಾರದಲ್ಲಿ. 1993ರಲ್ಲಿ ಟ್ರಂಕು ಹೊತ್ತುಕೊಂಡು ತಿಪಟೂರು ಸೇರಿದವನು ಅಂದಿನಿಂದ ಅಲ್ಲೇ ಕೂತು ಇಡೀ ತಾಲ್ಲೂಕಿಗೆ ಬೆಂಗಳೂರಿನ ದಾರಿ ಹೇಳಿದ್ದೇನೆ. ‘ಮೆಜೆಸ್ಟಿಕ್‌ನಲ್ಲಿ ಇಳ್ಕೊಳ್ಳಿ’ ಎಂದೇ ನನ್ನ ಎಲ್ಲ ದಾರಿಗಳೂ ಶುರುವಾಗುತ್ತಿದ್ದವು. ಹೋದವರು ಯಾರೂ ವಾಪಸ್ಸು ಬಂದು ಜಗಳ ತೆಗೆಯಲಿಲ್ಲ. ಸರಿಯಾಗಿ ತಲುಪಿದ್ದಾರೆ ಅಂತಲೇ ನಾನು ತಿಳಿದುಕೊಂಡಿದ್ದೆ. ಬಹುಶಃ ಇನ್ನೂ ಹುಡುಕುತ್ತಿರಬೇಕು.

ಮಗಳಿಗೆ ವೈಟ್‌ಫೀಲ್ಡಿನ ಕಡೆ ಕೆಲಸ ಸಿಕ್ಕಿತು. ನನಗೂ ಅದೇ ದಿಕ್ಕಿಗೆ ವರ್ಗವಾಯಿತು. ‘ರೀ, ಮಗಳೇ ಫೋನಿನಲ್ಲಿ ಮನೆ ಹುಡುಕ್ತಾಳಂತೆ ಬಿಡಿ’ ಎಂದಳು ಹೆಂಡತಿ. ‘ಫೋನಿಗೇನು ಗೊತ್ತು ಬೆಂಗಳೂರು?’ ಎಂದೆ ನಾನು. ಈ ಒಂದು ಮಾತನ್ನು ಅವಳು ಆಮೇಲೆ ಎಷ್ಟು ಸಂದರ್ಭಗಳಲ್ಲಿ ನನಗೇ ವಾಪಸ್ಸು ಕೊಟ್ಟಳೆಂದರೆ, ಆಡಿದ ಮಾತಿಗೂ ಬಡ್ಡಿ ಬೆಳೆಯುತ್ತದೆ ಎಂದು ನನಗೆ ಖಾತ್ರಿಯಾಯಿತು.

ನನ್ನ ತಲೆಯಲ್ಲಿದ್ದ ಭೂಪಟ ಹೀಗಿತ್ತು: ಬಸವನಗುಡಿಯಲ್ಲಿ ಮನೆ, ಸಂಜೆ ಗಾಂಧಿ ಬಜಾರಿನಲ್ಲಿ ಒಂದು ಸುತ್ತು, ಬೆಳಿಗ್ಗೆ ಬಸ್ ಹತ್ತಿ ಕಿಟಕಿ ಪಕ್ಕ ಕೂತು ಆರಾಮವಾಗಿ ವೈಟ್‌ಫೀಲ್ಡು. ನಮ್ಮ ಕಾಲದಲ್ಲಿ ವೈಟ್‌ಫೀಲ್ಡ್ ಅಂದರೆ ಕಾಡುಗೋಡಿಗೆ ಸಾಯಿಬಾಬಾ ದರ್ಶನಕ್ಕೆ ಹೋದವರು ನೋಡಿ ಬರುತ್ತಿದ್ದ ಊರು. 1882ರಲ್ಲಿ ಆಂಗ್ಲೋ ಇಂಡಿಯನ್ನರು ಹೊಲ, ತೋಟ ಮಾಡಿಕೊಂಡಿರಲೆಂದು ಮೈಸೂರು ಮಹಾರಾಜರು ಕೊಟ್ಟ ಜಾಗ. ಅಲ್ಲಿ ಮನೆ ಮಾಡುವುದೆಂದರೆ ತೋಟದ ಮನೆ ಮಾಡಿದ ಹಾಗೆ ಎಂದು ಹೆಂಡತಿಗೆ ವಿವರಿಸಿದೆ. ಕೊನೆಗೆ ಒಬ್ಬ ಬ್ರೋಕರ್‌ಗೆ ಫೋನ್ ಮಾಡಿ, ಬಸವನಗುಡಿಯಲ್ಲಿ ಎರಡು ರೂಮಿನ ಮನೆ ಬೇಕೆಂದು ಗತ್ತಿನಿಂದ ಬಜೆಟ್ ಹೇಳಿದೆ. ಆ ಕಡೆ ತುಸು ಹೊತ್ತು ನಿಶ್ಶಬ್ದ. ಆಮೇಲೆ ಬಹಳ ವಿನಯದಿಂದ, ‘ಸಾರ್, ಅದು ಕಾರ್ ಪಾರ್ಕಿಂಗ್‌ಗೆ ಮಾತ್ರಾನಾ?’ ಎಂದು ಕೇಳಿದರು.

ತಪ್ಪು ಅವರದ್ದಲ್ಲ. 1991ರ ಜನಗಣತಿಯಲ್ಲಿ ಬೆಂಗಳೂರಿನ ಜನ ಸುಮಾರು 41 ಲಕ್ಷ. 2011ರ ಹೊತ್ತಿಗೆ 85 ಲಕ್ಷ. ಅದಾದ ಮೇಲೆ ಜನಗಣತಿಯೇ ನಡೆದಿಲ್ಲ, ಕೋಟಿ ದಾಟಿ ಬಹಳ ಕಾಲವಾಯಿತು ಎಂದು ಎಲ್ಲರೂ ಅಂದಾಜು ಹೇಳುತ್ತಾರೆ. ಹೀಗೆ ಬಂದವರೆಲ್ಲ ಒಂದೊಂದು ಮನೆ ಹಿಡಿದಿರುತ್ತಾರೆ ಎಂಬ ಸಣ್ಣ ಲೆಕ್ಕ, ಬ್ಯಾಂಕಿನಲ್ಲಿ ಜೀವಮಾನವಿಡೀ ಲೆಕ್ಕ ಬರೆದ ನನ್ನ ತಲೆಗೆ ಹೊಳೆದಿರಲಿಲ್ಲ.

ಸರಿ, ಪೂರ್ವಕ್ಕೆ ಹೊರಟೆವು. 2023ರಿಂದ ನೇರಳೆ ಮೆಟ್ರೊ ಚಲ್ಲಘಟ್ಟದಿಂದ ಕಾಡುಗೋಡಿಯವರೆಗೆ ಒಂದೇ ಓಟ ಓಡುತ್ತದೆ. ನಿಲ್ದಾಣಕ್ಕೆ ಹತ್ತಿರವಾದಷ್ಟೂ ಬಾಡಿಗೆ ಏರುತ್ತದೆ, ದೂರವಾದಷ್ಟೂ ಇಳಿಯುತ್ತದೆ. ನಮ್ಮ ಬಜೆಟ್ಟಿಗೆ ಹೊಂದುವ ಮನೆ ಹುಡುಕುತ್ತಾ ನಾವು ಮೆಟ್ರೊದಿಂದ ದೂರ ಸರಿಯುತ್ತಾ ಸರಿಯುತ್ತಾ ಹೋದೆವು. ಇನ್ನೊಂದು ಸ್ವಲ್ಪ ಹೋಗಿದ್ದರೆ ಹೊಸಕೋಟೆ ದಾಟಿ ಕೋಲಾರದಲ್ಲಿ ಅಡ್ವಾನ್ಸ್ ಕೊಡುತ್ತಿದ್ದೆವು.

ಹೂಡಿಯ ಹತ್ತಿರ ಹೊಸದೊಂದು ಕಟ್ಟಡಕ್ಕೆ ‘ಟು-ಲೆಟ್’ ಬೋರ್ಡ್ ನೇತುಹಾಕಿತ್ತು. ಬಾಗಿಲಲ್ಲಿ ಕಾವಲಿನ ಮನುಷ್ಯ ಕೂತಿದ್ದ. ಈ ಕಡೆಯೆಲ್ಲ ಹಿಂದಿಯೇ ನಡೆಯುವುದು ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರು. ನನ್ನ ಹಿಂದಿ ಹೈಸ್ಕೂಲಿನಲ್ಲೇ ನನ್ನನ್ನು ಕೈಬಿಟ್ಟಿತ್ತು. ಆದರೂ ಮಗಳ ಎದುರು ಸೋಲಬಾರದೆಂದು ಮುಂದೆ ಹೋಗಿ, ‘ಭಾಯಿ ಸಾಬ್, ಹಮ್ ಬಾಡಿಗೆ ಹೈ. ಘರ್ ಕೋ ದಿಖಾತಾ ಹೈ ಕ್ಯಾ?’ ಎಂದೆ. ಅವನು ಎದ್ದು ನಿಂತ. ನಾನು ಕೈಸನ್ನೆಯಲ್ಲಿ ಅಡುಗೆಮನೆ, ಬಚ್ಚಲುಮನೆ, ಹತ್ತು ತಿಂಗಳ ಅಡ್ವಾನ್ಸು, ಕೊನೆಗೆ ಪೂರ್ವದ ಬಾಗಿಲನ್ನೂ ಅಭಿನಯಿಸಿ ತೋರಿಸಿದೆ. ಬೆವರು ಸುರಿಯಿತು. ಎಲ್ಲ ಮುಗಿಯುವವರೆಗೂ ತಾಳ್ಮೆಯಿಂದ ನೋಡಿ ಅವನೆಂದ: ‘ಸಾಹೇಬ್ರ, ನಾವು ಸಿಂಧನೂರು ಕಡಿಯವ್ರು. ಕನ್ನಡದಾಗ ಹೇಳ್ರಿ, ತಿಳೀತೈತಿ.’ ಮಗಳು ರಸ್ತೆಯ ಆಚೆ ಬದಿಗೆ ಹೋಗಿ, ನಾನು ಯಾರೋ ಅವಳು ಯಾರೋ ಎಂಬಂತೆ ಆಕಾಶ ನೋಡುತ್ತಾ ನಿಂತಳು.

ಇದು ಏನೂ ಅಲ್ಲ, ಮುಂದೆ ಕೇಳಿ.

ಒಬ್ಬರು ‘ಮೂರನೇ ಮೇನು, ಎಂಟನೇ ಕ್ರಾಸು, ಹಸಿರು ಗೇಟು’ ಎಂದು ಮನೆಯ ಗುರುತು ಹೇಳಿದ್ದರು. ಬೆಂಗಳೂರಿನಲ್ಲಿ ಪ್ರತಿ ಬಡಾವಣೆಗೂ ಒಂದು ಮೂರನೇ ಮೇನು, ಅದಕ್ಕೊಂದು ಎಂಟನೇ ಕ್ರಾಸು ಇರುತ್ತದೆ ಎಂಬುದು ನಿಮಗೆ ಗೊತ್ತು. ನನಗೂ ಗೊತ್ತಿತ್ತು. ಆ ದಿನ ಮಾತ್ರ ಗೊತ್ತಿರಲಿಲ್ಲ. ಕೈಯಲ್ಲಿ ಫೈಲು, ಜೇಬಲ್ಲಿ ಪೆನ್ನು, ಹೆಗಲಲ್ಲಿ ಚೀಲ, ಮೂಗಿನ ತುದಿಗೆ ಜಾರಿದ ಕನ್ನಡಕ ಸಮೇತ ಹಸಿರು ಗೇಟು ತೆರೆದೆ. ಬಾಗಿಲಲ್ಲೇ ಒಬ್ಬ ಹೆಣ್ಣುಮಗಳು, ‘ಬನ್ನಿ ಸಾರ್, ನಿನ್ನೆಯಿಂದ ಕಾಯ್ತಾ ಇದ್ವಿ’ ಎಂದು ಸ್ವಾಗತಿಸಿದರು. ಆಹಾ, ಬಾಡಿಗೆದಾರನಿಗೆ ಇಷ್ಟು ಮರ್ಯಾದೆ ಕೊಡುವ ಬೀದಿಯೂ ಉಂಟಲ್ಲ ಎಂದು ನೇರ ಅಡುಗೆಮನೆಗೆ ನುಗ್ಗಿದೆ. ‘ಸಿಂಕು ಚಿಕ್ಕದಾಯ್ತು’ ಎಂದೆ. ಗೋಡೆ ಕುಟ್ಟಿ ನೋಡಿದೆ. ಬಚ್ಚಲಿಗೆ ಹೋಗಿ ಫ್ಲಷ್ ಎಳೆದು ನೀರಿನ ರಭಸ ಪರೀಕ್ಷಿಸಿದೆ. ಹಿಂದೆಯೇ ಬಂದ ಅಜ್ಜ, ‘ಇದನ್ನೂ ಬರ್ಕೋತೀರಾ ಸಾರ್?’ ಎಂದು ಭಯಭಕ್ತಿಯಿಂದ ಕೇಳಿದರು. ‘ಎಲ್ಲಾ ಬರ್ಕೋಬೇಕು, ಆಮೇಲೆ ತಕರಾರು ಬರಬಾರದು ನೋಡಿ’ ಎಂದೆ.

ನಡುಮನೆಯಲ್ಲಿ ಕೂರಿಸಿ ಕಾಫಿ, ನಿಪ್ಪಟ್ಟು ಕೊಟ್ಟರು. ‘ಮನೇಲಿ ಎಷ್ಟು ಜನ ಇದ್ದೀರಿ?’ ಎಂದೆ, ಮಾತಿಗೆ. ಅವರು ಹುಟ್ಟಿದ ತಾರೀಖಿನ ಸಮೇತ ಎಲ್ಲರ ಹೆಸರೂ ಹೇಳಿ, ರೇಷನ್ ಕಾರ್ಡು, ಆಧಾರ್ ಕಾರ್ಡುಗಳನ್ನು ಮುಂದಿಟ್ಟರು. ಮನೆ ಕೊಡುವವರೇ ತಮ್ಮ ದಾಖಲೆ ತೋರಿಸುತ್ತಿದ್ದಾರಲ್ಲ! ನನ್ನ ಕಣ್ಣು ತುಂಬಿ ಬಂತು. ಅಜ್ಜ ಕೆಜಿಎಫ್ ಗಣಿಯಲ್ಲಿದ್ದವರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಇಲ್ಲಿಗೆ ಬಂದವರು. ಅವರ ಮಾತೃಭಾಷೆ ತಮಿಳು, ಅಜ್ಜಿಯದು ತೆಲುಗು, ಸೊಸೆ ವಿಜಯವಾಡದವಳು, ಮೊಮ್ಮಗಳು ಶಾಲೆಯಲ್ಲಿ ಕನ್ನಡ ಭಾಷಣದಲ್ಲಿ ಫಸ್ಟು. ಮೇಲಿನ ಮಹಡಿಯಲ್ಲಿ ಅಸ್ಸಾಮಿನ ಇಬ್ಬರು, ಬೆಳಗಾವಿಯವನೊಬ್ಬ. ‘ಇನ್ನು ಜಾತಿ ಸಾರ್...’ ಎಂದು ಅಜ್ಜ ಶುರು ಮಾಡಿದಾಗ ನಾನು ಕೈಯೆತ್ತಿ, ‘ಅದೆಲ್ಲ ನನಗೆ ಮುಖ್ಯ ಅಲ್ಲ ಬಿಡಿ’ ಎಂದು ದೊಡ್ಡ ಮನಸ್ಸು ತೋರಿದೆ. ಅಜ್ಜ ಕಕ್ಕಾಬಿಕ್ಕಿಯಾದರು. ‘ಅದೇ ಅಲ್ವಾ ಸಾರ್ ಮುಖ್ಯ? ಅದಕ್ಕೇ ತಾನೇ ನೀವು ಬಂದಿರೋದು?’

ಅದು 2025ರ ಅಕ್ಟೋಬರ್. ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ, ಜನರ ಬಾಯಲ್ಲಿ ಜಾತಿಗಣತಿ, ಬೆಂಗಳೂರಿನಲ್ಲಿ ಮನೆಮನೆ ತಟ್ಟುತ್ತಿದ್ದ ತಿಂಗಳು. ಪ್ರಶ್ನೆಗಳು ಒಟ್ಟು ಅರುವತ್ತು. ‘ಓಟಿಪಿ ಇನ್ನೂ ಬರ್ಲಿಲ್ಲ ಸಾರ್’ ಎಂದು ಸೊಸೆ ಫೋನು ಹಿಡಿದುಕೊಂಡು ಬಂದಾಗ ನನ್ನ ಗಂಟಲಲ್ಲಿ ನಿಪ್ಪಟ್ಟು ನಿಂತಿತು. ಆಗಲೇ ನಿಜ ಹೇಳಿ ಎದ್ದುಬಿಡಬೇಕಿತ್ತು. ಆದರೆ ಎರಡು ಸಲ ಕಾಫಿ ಕುಡಿದ ಮೇಲೆ, ಒಂದು ಸಲ ಫ್ಲಷ್ ಎಳೆದ ಮೇಲೆ, ಯಾವ ಬಾಯಲ್ಲಿ ಹೇಳಲಿ? ‘ಫ್ರಿಜ್ ಇದೆಯಾ?’ ಎಂದು ಮುಂದುವರಿಸಿದೆ. ಫ್ರಿಜ್ಜು ನನ್ನ ಬೆನ್ನ ಹಿಂದೆಯೇ ಇತ್ತು.

ಅಷ್ಟರಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ನಿಜವಾದ ಗಣತಿ ಮೇಡಂ ಬಾಗಿಲಲ್ಲಿ ನಿಂತರು. ಭೂಮಿ ಬಾಯಿಬಿಡಲಿಲ್ಲ. ಅಲ್ಲೆಲ್ಲ ಟೈಲ್ಸ್ ಹಾಕಿಸಿಬಿಟ್ಟಿದ್ದರು. ನಾನು ಎದ್ದು ಕೈಮುಗಿದು, ‘ನಾನು ಬಾಡಿಗೆ ಮನೆ ನೋಡೋಕೆ ಬಂದೋನು’ ಎಂದೆ. ಒಂದು ಗಳಿಗೆ ಯಾರೂ ಉಸಿರೆತ್ತಲಿಲ್ಲ. ಮೊದಲು ನಕ್ಕಿದ್ದು ಅಜ್ಜಿ. ಬೆಳಿಗ್ಗೆಯಿಂದ ಅಲೆದು ಸುಸ್ತಾಗಿದ್ದ ಮೇಡಂ, ‘ಪಕ್ಕದ್ದು ಖಾಲಿ ಮನೆ ಸಾರ್, ಬೀಗ ಹಾಕಿದೆ ಅಂತ ಈಗಷ್ಟೇ ಗುರುತು ಹಾಕ್ಕೊಂಡು ಬಂದೆ’ ಎಂದರು. ಹೀಗೆ ನಮಗೆ ಮನೆ ಸಿಕ್ಕಿತು.

ಓನರು ದೂರವಾಣಿನಗರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮಂಡ್ಯದ ಹಿರಿಯರು. ಸಂದರ್ಶನಕ್ಕೆ ನಾನು ಓದಿಕೊಂಡೇ ಹೋಗಿದ್ದೆ. ‘2021ರ ಮಾದರಿ ಬಾಡಿಗೆ ಕಾಯ್ದೆ ಪ್ರಕಾರ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೇಳೋ ಹಾಗಿಲ್ಲ’ ಎಂದು ಬಾಣ ಬಿಟ್ಟೆ. ಅವರು ಕನ್ನಡಕ ಒರೆಸಿಕೊಂಡು, ‘ಅದು ಮಾದರಿ ಅಷ್ಟೇ ಸ್ವಾಮಿ. ರಾಜ್ಯದೋರು ಒಪ್ಕೊಂಡು ತಮ್ಮ ಕಾನೂನು ಮಾಡಿದ್ರೆ ತಾನೇ ಜಾರಿ? ನಮ್ಮಲ್ಲಿರೋದು 1999ರ ಕಾಯ್ದೆ’ ಎಂದು ಮಗುವಿಗೆ ಹೇಳುವಂತೆ ಹೇಳಿದರು. ನಾನು ತಬ್ಬಿಬ್ಬಾದೆ. ತಬ್ಬಿಬ್ಬಾದಾಗ ಬಾಯಿಪಾಠ ಮಾಡಿದ್ದೇ ಹೊರಗೆ ಬರುತ್ತದೆ. ಬೆಂಗಳೂರೆಂದರೆ ಹತ್ತು ತಿಂಗಳ ಅಡ್ವಾನ್ಸು, ಅದನ್ನು ಎಂಟಕ್ಕೆ ಇಳಿಸಬೇಕು ಎಂದು ರಾತ್ರಿಯೆಲ್ಲ ಅಭ್ಯಾಸ ಮಾಡಿದ್ದೆ. ಅವರು, ‘ಇರಲಿ, ಆರು ತಿಂಗಳದ್ದು ಕೊಡಿ ಸಾಕು’ ಎಂದದ್ದು ಕಿವಿಗೇ ಬೀಳಲಿಲ್ಲ. ‘ಅದೆಲ್ಲ ಆಗಲ್ಲ ಸ್ವಾಮಿ, ಎಂಟಕ್ಕೆ ಮುಗಿಸಿ!’ ಎಂದು ಮೇಜು ಕುಟ್ಟಿದೆ. ಹೆಂಡತಿ ಚಿವುಟಿದ ಗುರುತು ಯುಗಾದಿಯವರೆಗೂ ಇತ್ತು. ಓನರು ದೊಡ್ಡ ಮನುಷ್ಯರು, ಆರನ್ನೇ ತೆಗೆದುಕೊಂಡರು.

ಹಾಲುಕ್ಕಿಸುವ ಹಿಂದಿನ ದಿನ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಕಾವೇರಿ ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಈ ಊರಿಗೆ ಬರಬೇಕು. ಹೊರವಲಯದ 110 ಹಳ್ಳಿಗಳಿಗೆಂದು ಐದನೇ ಹಂತದ ನೀರು 2024ರಲ್ಲಿ ಶುರುವಾಗಿದೆ ನಿಜ, ಆದರೆ ನಮ್ಮ ಬೀದಿಯ ಸರದಿ ಅಂದಲ್ಲವಂತೆ. ‘ನಾನಿದ್ದೀನಲ್ಲ’ ಎಂದು ಟ್ಯಾಂಕರ್ ತರಿಸಿದೆ. ಆರು ಸಾವಿರ ಲೀಟರ್. ಡ್ರೈವರ್ ‘ಸಂಪು ಎಲ್ಲಿ ಸಾರ್?’ ಎಂದಾಗ ಗೇಟಿನ ಪಕ್ಕದ ಕಬ್ಬಿಣದ ಮುಚ್ಚಳ ತೋರಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತು ಕೊನೆಯ ಹನಿಯವರೆಗೂ ಸುರಿಸಿ, ದುಡ್ಡು ಎಣಿಸಿ ಕಳಿಸಿದೆ. ಒಳಗೆ ಬಂದು ನಲ್ಲಿ ತಿರುಗಿಸಿದೆ. ಗಾಳಿ.

ಮುಚ್ಚಳ ಪಕ್ಕದ ಮನೆಯದು. ಕಾಂಪೌಂಡಿನಾಚೆಯಿಂದ ಅಜ್ಜನ ತಲೆ ಮೆಲ್ಲಗೆ ಎದ್ದಿತು.

‘ಸರ್ವೆ ಸಾರ್, ಗಣತಿ ಮುಗಿದ ತಕ್ಷಣ ಸೌಲಭ್ಯ ಶುರು ಮಾಡ್ಬಿಟ್ರಾ?’

ಅಂದಿನಿಂದ ಈ ಬೀದಿಯಲ್ಲಿ ನನ್ನ ಹೆಸರು ಸರ್ವೆ ಸಾರ್. ಹಾಲಿನವನಿಗೂ, ಮೇಲಿನ ಅಸ್ಸಾಮಿನ ಹುಡುಗರಿಗೂ ಅಷ್ಟೇ ಗೊತ್ತು. ಅಜ್ಜ ತಮ್ಮ ಸಂಪಿನಿಂದ ನಮಗೆ ಪೈಪು ಹಾಕಿಕೊಟ್ಟು, ನನ್ನ ನೀರನ್ನೇ ನನಗೆ ದಾನ ಮಾಡಿದರು.

ಕರಾರು ಹನ್ನೊಂದು ತಿಂಗಳದ್ದು. ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾದ್ದರಿಂದ ಎಲ್ಲರೂ ಅಷ್ಟಕ್ಕೇ ನಿಲ್ಲಿಸುತ್ತಾರೆ. ಅಂದರೆ ಸದ್ಯದಲ್ಲೇ ನಾನು ಮತ್ತೆ ಫೈಲು ಹಿಡಿದು ಬೀದಿಗಿಳಿಯಬಹುದು. ನಿಮ್ಮ ಕಡೆ ಎರಡು ರೂಮಿನ ಮನೆ ಖಾಲಿಯಿದ್ದರೆ ದಯವಿಟ್ಟು ಒಂದು ಮಾತು ತಿಳಿಸಿ. ಸಂಪು ಯಾವ ಕಡೆಗಿದೆ ಎಂಬುದನ್ನೂ ಸ್ಪಷ್ಟವಾಗಿ ಹೇಳಿ.