ಟೋ-ಇನ್ ಮೇಷ್ಟ್ರು

ಭಾನುವಾರ ಬೆಳಿಗ್ಗೆ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದ ರಸ್ತೆಗೆ ಬಂದರೆ, ಲಾರಿಗಳ ಸಾಲು ಮುಗಿಯುವ ಕಡೆ ಒಂದು ಹಳೇ ಕಾರು ನಿಂತಿರುತ್ತದೆ. ಅದರ ಮುಂದಿನ ಚಕ್ರದ ಪಕ್ಕದಲ್ಲಿ ಒಬ್ಬರು ಬೋರಲು ಮಲಗಿರುತ್ತಾರೆ. ಹೊಸಬರು ಗಾಬರಿಯಾಗಿ ಬೈಕ್ ನಿಲ್ಲಿಸುತ್ತಾರೆ. ಊರವರು ನಿಲ್ಲಿಸುವುದಿಲ್ಲ. "ಏನೂ ಆಗಿಲ್ಲ, ಟೋ-ಇನ್ ಮೇಷ್ಟ್ರು" ಎಂದು ಹೇಳಿ ಮುಂದಕ್ಕೆ ಹೋಗುತ್ತಾರೆ.

ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್, 1961ರಿಂದ ಮದರಾಸಿನಲ್ಲಿ ತಯಾರಾಗುತ್ತಿದ್ದ ಜಾತಿಯದು. ಹೆರಾಲ್ಡನ್ನು ಸ್ಪೋರ್ಟ್ಸ್ ಕಾರು ಎಂದು ಯಾರೂ ಕರೆದಿಲ್ಲ, ಮೇಷ್ಟ್ರು ಕರೆಯುತ್ತಾರೆ. ಪ್ರಮೇಯ ಹೀಗೆ: 1962ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹುಟ್ಟಿದ್ದು ಹೆರಾಲ್ಡಿನ ಛಾಸಿಯನ್ನೇ ಮೊಟಕು ಮಾಡಿ, ಎರಡನ್ನೂ ವಿನ್ಯಾಸ ಮಾಡಿದವನು ಇಟಲಿಯ ಮಿಕೆಲೊಟ್ಟಿ, ಆದ್ದರಿಂದ ಇವು ದಾಯಾದಿಗಳು. ಹೆರಾಲ್ಡಿನ ಚಾವಣಿಯನ್ನು ಬೋಲ್ಟ್ ಬಿಚ್ಚಿ ಎತ್ತಿಡಬಹುದು. ಮೇಷ್ಟ್ರು ಎತ್ತಿಟ್ಟರು. ಈಗ ಅದರ ಕೆಳಗೆ ಕೋಳಿ ಸಾಕಿದ್ದಾರೆ.

ಅವರಿಗಿರುವುದು ಒಂದೇ ದುಃಖ. "ಒಸಿ ಎಡಕ್ಕೆ ಎಳೀತದೆ."

ಕಂಪ್ಯೂಟರ್ ಅಲೈನ್‌ಮೆಂಟ್ ಅಂಗಡಿಗೂ ಒಮ್ಮೆ ಹೋಗಿದ್ದರು. ಹುಡುಗ ಪರದೆ ತೋರಿಸಿ, "ಹಸಿರು ಬಂತು ಸಾ, ಕರೆಕ್ಟಾಗೈತೆ" ಎಂದ. ಪ್ರಶ್ನೆ ಕೇಳುವುದನ್ನು ನಾಡಿಗೇ ಕಲಿಸಿದ ಎಚ್. ನರಸಿಂಹಯ್ಯನವರ ತಾಲ್ಲೂಕಿನವರು ಇವರು. ಬಿಟ್ಟಾರೆಯೇ? "ಹಂತಗಳೆಲ್ಲಯ್ಯಾ? ಬರೀ ಉತ್ತರಕ್ಕೆ ನಾನು ಮಾರ್ಕ್ಸ್ ಕೊಡಲ್ಲ" ಎಂದು ಗಾಡಿ ತಿರುಗಿಸಿಕೊಂಡು ಬಂದರು.

ಅಂದಿನಿಂದ ದಾರದ ಪದ್ಧತಿ. ಕಾರಿನ ನಾಲ್ಕು ಮೂಲೆಗೆ ನಾಲ್ಕು ಸ್ಟ್ಯಾಂಡು, ಎರಡೂ ಬದಿಗೆ ಸಮಾನಾಂತರವಾಗಿ ಎಳೆದು ಕಟ್ಟಿದ ದಾರ. ನೈಲಾನ್ ದಪ್ಪ ಎಂದು ಶಿಡ್ಲಘಟ್ಟದಿಂದ ರೇಷ್ಮೆ ಎಳೆಯನ್ನೇ ತರಿಸಿದ್ದಾರೆ. ದಾರದಿಂದ ರಿಮ್ಮಿನ ಮುಂದಿನ ಅಂಚಿಗೆ ಒಂದು ಅಳತೆ, ಹಿಂದಿನ ಅಂಚಿಗೆ ಇನ್ನೊಂದು. ವ್ಯತ್ಯಾಸವೇ ಟೋ. ನಿಂತಾಗ ಎರಡು ಚಕ್ರವೂ ನಾಚಿಕೊಂಡ ಮದುಮಗಳ ಹೆಬ್ಬೆರಳಿನಂತೆ ತುಸು ಒಳಕ್ಕೆ ತಿರುಗಿರಬೇಕು. ಓಡುವಾಗ ರಸ್ತೆ ಅವನ್ನು ಹೊರಕ್ಕೆ ತಳ್ಳಿ ನೇರ ಮಾಡುತ್ತದೆ. ಆ ನಾಚಿಕೆಯ ಪ್ರಮಾಣ ಇಂಚಿನ ಹದಿನಾರನೇ ಒಂದು ಭಾಗದಿಂದ ಎಂಟನೇ ಒಂದು ಭಾಗದವರೆಗೆ. ಲಾಕ್‌ನಟ್ ಸಡಿಲಿಸಿ, ಟೈ-ರಾಡನ್ನು ಕಾಲು ಸುತ್ತು ತಿರುಗಿಸಿ, ಕಾರನ್ನು ಒಂದಿಷ್ಟು ಮುಂದೆ ತಳ್ಳಿ, ಮತ್ತೆ ಅಳೆಯಬೇಕು. ಅಷ್ಟರಲ್ಲಿ ಒಂದು ಮೇಕೆ ದಾರಕ್ಕೆ ಕಾಲು ಹಾಕುತ್ತದೆ. ಮೊದಲಿಂದ.

"ರೋಡೇ ಎಡಕ್ಕೆ ಇಳಿಜಾರೈತೆ ಸಾ, ಮಳೆ ನೀರು ಓಗ್ಲಿ ಅಂತ ಅಂಗೇ ಮಾಡವ್ರೆ" ಎಂದು ಪಂಕ್ಚರ್ ಅಂಗಡಿಯವನು ಒಮ್ಮೆ ಬಾಯಿಬಿಟ್ಟ. ಮೇಷ್ಟ್ರು ಅವನನ್ನು ಹಿಂದಿನ ಬೆಂಚಿನ ಹುಡುಗನನ್ನು ನೋಡುವಂತೆ ನೋಡಿದರು. ಮರುದಿನದಿಂದ ಟೆಸ್ಟ್ ಡ್ರೈವನ್ನು ರಸ್ತೆಯ ನಟ್ಟನಡುವೆ ಮಾಡುತ್ತಿದ್ದಾರೆ. ಲಾರಿಗಳು ಹೊಂದಿಕೊಂಡಿವೆ.

ಕೊನೆಗೆ ಗುಟ್ಟು ಸಿಕ್ಕಿದ್ದು ಸ್ಪಿಟ್‌ಫೈರಿನ ಕೈಪಿಡಿಯಲ್ಲಿ. ಜೆರಾಕ್ಸ್ ಪ್ರತಿ, ಬೈಂಡಿಗೆ ಹತ್ತನೇ ತರಗತಿಯ ಗಣಿತ ಪುಸ್ತಕದ ರಟ್ಟು. ಮುಂದಿನ ಒಂದೊಂದು ಸೀಟಿನ ಮೇಲೂ 150 ಪೌಂಡ್, ಅಂದರೆ 68 ಕೆಜಿ ಭಾರವಿಟ್ಟು ಅಳೆಯಬೇಕು ಎಂದಿತ್ತು ಅದರಲ್ಲಿ. ಮೇಷ್ಟ್ರು ಮುಸುಕಿನ ಜೋಳದ ಎರಡು ಮೂಟೆಗಳನ್ನು ತೂಕ ಹಾಕಿಸಿ, ಸೀಟಿನಲ್ಲಿ ಕೂರಿಸಿ, ಅಳೆದು, ನಟ್ ಬಿಗಿದರು. ಕಾರು ನೇರವಾಗಿ ಓಡಿತು! ಸ್ಟೇರಿಂಗ್ ಬಿಟ್ಟು ಕೈ ಮುಗಿದರಂತೆ. ಎದುರಿಗೆ ಬಂದ ಲಾರಿಯವನೂ ಕೈ ಮುಗಿದನಂತೆ, ಬೇರೆ ಕಾರಣಕ್ಕೆ.

ತೊಂದರೆ ಶುರುವಾಗಿದ್ದೇ ಆಮೇಲೆ. ಮೂಟೆ ಇಳಿಸಿದರೆ ಅಳತೆ ತಪ್ಪುತ್ತದೆ. ಹಾಗಾಗಿ ಎಡಗಡೆಯ ಮೂಟೆ ಇಳಿಯಲೇ ಇಲ್ಲ. ಅದಕ್ಕೊಂದು ಟವಲ್ಲೂ ಬಂದಿದೆ. ಬಲಗಡೆ ಮೂಟೆಯ ಜಾಗದಲ್ಲಿ ಸ್ವತಃ ಮೇಷ್ಟ್ರು, ಸರಿಯಾಗಿ 68. ಮದುವೆ ಮನೆಯಲ್ಲಿ ಎರಡನೇ ಒಬ್ಬಟ್ಟು ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ನೋಡಿದವರು ಸಕ್ಕರೆ ಕಾಯಿಲೆ ಅಂದುಕೊಳ್ಳುತ್ತಾರೆ. ಅವರ ಮನೆಯವರು ಹಿಂದೂಪುರದ ತವರಿಗೆ ರೈಲಿನಲ್ಲಿ ಹೋಗುತ್ತಾರೆ. "ರೈಲಿಗೆ ಅಲೈನ್‌ಮೆಂಟ್ ತಾಪತ್ರಯ ಇಲ್ಲ ನೋಡಿ, ಹಳಿ ಮೇಲೆ ಹೋಗ್ತದೆ" ಎಂದು ಆ ತಾಯಿ ನಗುತ್ತಾರೆ.

ಮೊನ್ನೆ ಗೌರಿಬಿದನೂರಿಗೆ ಹೋಗಲು ಬಸ್ಸಿಗೆ ಕಾದು ಕಾದು ಸಾಕಾಗಿದ್ದೆ. ಹೆರಾಲ್ಡ್ ಬಂತು. ಕೈ ಅಡ್ಡ ಹಾಕಿದೆ. ಮೇಷ್ಟ್ರು ನಿಲ್ಲಿಸಿ, ಮೂಟೆಯ ಮೇಲೆ ಕೈಯಿಟ್ಟು, ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದರು.

"ತೂಕ ಎಷ್ಟು?"

"74, ಮೇಷ್ಟ್ರೇ."

ಅವರ ಮುಖದಲ್ಲಿ ನಿಜವಾದ ಸಂಕಟ ಕಂಡಿತು. ಒಂದಂಕದಲ್ಲಿ ಫೇಲಾದ ಹುಡುಗನ ತಂದೆಯೊಡನೆ ಮಾತಾಡುವ ದನಿಯಲ್ಲಿ ಹೇಳಿದರು:

"ಆರು ಕೆಜಿ ಇಳಿಸಿಕೊಂಡು ಬಾಪ್ಪಾ. ಮೂಟೆ ಕೆಳಗಿಳಿಸ್ತೀನಿ."