ಅಶ್ವಶಕ್ತಿಯಿಂದ ಗಜಶಕ್ತಿಗೆ

ಹಳೆಯ ಸ್ಪೋರ್ಟ್ಸ್ ಕಾರುಗಳ ಆರಾಧಕರಲ್ಲಿ ಚಕ್ರಶುದ್ಧಿಯು ಗೋತ್ರಶುದ್ಧಿಗಿಂತ ಕಟ್ಟುನಿಟ್ಟಿನ ವಿಚಾರವಾಗಿದ್ದು, 1967ರ ಪೋರ್ಶೆ 911 ಎಸ್ ಕಾರಿನ ಐದು ದಳದ ಫುಕ್ಸ್ ರಿಮ್ಮುಗಳಲ್ಲಿ, ಅಂದರೆ ಟೈರನ್ನು ಹೊರುವ ಲೋಹದ ಗಾಲಿಗಳಲ್ಲಿ, ಒಂದು ಬೇರೆ ವರ್ಷದ್ದೆಂದು ತಿಳಿದರೂ ಅವರಿಗೆ ನಿದ್ದೆ ಹತ್ತುವುದಿಲ್ಲ. ಅಂಥವರನ್ನು ವಿರೂಪಾಪುರಗಡ್ಡೆಯಿಂದ ತುಂಗಭದ್ರೆ ದಾಟಿಸಿ ಹಂಪಿಯ ವಿಠ್ಠಲ ದೇವಾಲಯದ ಅಂಗಳದಲ್ಲಿ ನಿಲ್ಲಿಸಿದರೆ, ಗರುಡನ ಗುಡಿಯಾಗಿ ಕಟ್ಟಿದ ಕಲ್ಲಿನ ರಥವು ಅವರಿಗೆ ಪರೀಕ್ಷೆಯನ್ನೇ ಒಡ್ಡುತ್ತದೆ. ಸುತ್ತುಸುತ್ತಾಗಿ ಹೂವಿನ ಕೆತ್ತನೆಯುಳ್ಳ ಇದರ ಗಾಲಿಗಳು ಒಂದು ಕಾಲಕ್ಕೆ ಅಚ್ಚಿನ ಮೇಲೆ, ಎಂದರೆ ಎರಡು ಗಾಲಿಗಳನ್ನು ಕೂಡಿಸುವ ಅಡ್ಡದಿಂಡಿನ ಮೇಲೆ, ನಿಜಕ್ಕೂ ತಿರುಗುತ್ತಿದ್ದವು. ರಥ ಮಾತ್ರ ಒಂದಂಗುಲವೂ ಮುಂದೆ ಸರಿಯುತ್ತಿರಲಿಲ್ಲ. ಬಂದವರೆಲ್ಲ ತಿರುಗಿಸಿ ನೋಡುವ ಪುಣ್ಯಕಾರ್ಯದಿಂದ ಕಲ್ಲು ಸವೆಯಬಾರದೆಂದು ಅವುಗಳನ್ನು ಸಿಮೆಂಟಿನಿಂದ ಬಿಗಿಯಲಾಯಿತು. ಇದನ್ನು ದುರಸ್ತಿ ಎನ್ನಬೇಕೋ ಶಾಶ್ವತ ಹ್ಯಾಂಡ್‌ಬ್ರೇಕ್ ಎನ್ನಬೇಕೋ ಬಲ್ಲವರೇ ಹೇಳಬೇಕು.

ಜೋಡಣೆಯ ನಿಜವಾದ ಎಡವಟ್ಟು ಗಾಲಿಯಲ್ಲಲ್ಲ, ಮುಂಭಾಗದಲ್ಲಿದೆ. ಈಗ ರಥವನ್ನು ಎಳೆಯುವಂತೆ ನಿಂತಿರುವ ಪುಟ್ಟ ಆನೆಗಳು ಆಮೇಲೆ ತಂದಿಟ್ಟವು. ಮೊದಲಿದ್ದವು ಕುದುರೆಗಳು ಎಂಬುದಕ್ಕೆ ಆನೆಗಳ ಹಿಂದೆ ಅವುಗಳ ಬಾಲ ಮತ್ತು ಹಿಂಗಾಲುಗಳು ಇನ್ನೂ ಸಾಕ್ಷಿ ನುಡಿಯುತ್ತಿವೆ. ಅಶ್ವಶಕ್ತಿಯ ಎಂಜಿನ್ ಕಳಚಿ ಗಜಶಕ್ತಿ ಕೂಡಿಸಿದ ಈ ವಾಹನಕ್ಕೆ ಯಾವ ಆರ್‌ಟಿಒ ಕಚೇರಿ ಎಫ್‌ಸಿ ಕೊಟ್ಟೀತು? ಮೇಲಿದ್ದ ಇಟ್ಟಿಗೆಯ ಗೋಪುರ, ಕಾರಿನ ಭಾಷೆಯಲ್ಲಿ ಟಾಪು, 1856ರ ಛಾಯಾಚಿತ್ರದಲ್ಲಿ ಉಂಟು, ಈಗ ಇಲ್ಲ.

ಆದರೂ 2017ರಿಂದ ಈ ರಥ 50 ರೂಪಾಯಿಯ ನೀಲಿ ನೋಟಿನ ಬೆನ್ನೇರಿ, ಆನೆಗೊಂದಿ ದಾರಿಯ ಪಂಕ್ಚರ್ ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೂ ಓಡಾಡಿಕೊಂಡಿದೆ.